ಗಿಣಿಗೆ ಕಲಿಸುವಾಗ ಬಾಗಿಲು ತೆರೆದಿರಲಿ

ನಮ್ಮ ಕೊಪ್ಪಳದ ಕಡೆ ಯಾರಾದರೂ ಮಾತು ಕೇಳದಿದ್ದರೆ "ಗಿಣಿಗೆ ಹೇಳಿದಂಗ ಹೇಳೀನಿ" ಅಂತಾರೆ. ಹೇಳಿದ್ದನ್ನೇ ಹೇಳಿದರೆ ಗಿಣಿ ಕಲಿಯುತ್ತೆ ಅನ್ನೋದು ನನ್ನ ನಂಬಿಕೆಯೂ ಆಗಿತ್ತು. ನಾನು ಈಗ ಇರುವ ಮೆಲ್ಬರ್ನ್‌ನಲ್ಲಿ ಪಕ್ಕದ ಮನೆಯ ಅಜ್ಜಿ ತಮ್ಮ ಕಾಕಟೀಲ್‌ಗೆ (ಜುಟ್ಟಿರುವ ಸಣ್ಣ ಗಿಣಿ) ಪಾಠ ಮಾಡೋದನ್ನು ನೋಡಿದ ಮೇಲೆ ಅದು ಹೋಯಿತು.

ಅವರದು ದಿನಕ್ಕೆ ಐದೇ ನಿಮಿಷ. ಪಂಜರದ ಬಾಗಿಲು ತೆರೆದೇ ಇರುತ್ತೆ. ಒಂದು ಕಡ್ಡಿ ಹಿಡಿಯುತ್ತಾರೆ. ಹಕ್ಕಿ ಅದರ ತುದಿಯನ್ನು ಕೊಕ್ಕಿನಿಂದ ಮುಟ್ಟಿದ ಕೂಡಲೇ ಇನ್ನೊಂದು ಕೈಯಲ್ಲಿನ ಪೆನ್ನು 'ಟಕ್' ಅನ್ನುತ್ತೆ, ಹಿಂದೆಯೇ ಒಂದು ಸೂರ್ಯಕಾಂತಿ ಬೀಜ. 'ಟಕ್' ಅಂದರೆ ಸರಿಯಾಯಿತು, ಕಾಳು ಬಂತು ಅಂತ ಹಕ್ಕಿಗೆ ಬೇಗ ತಿಳಿಯುತ್ತೆ. ಆಮೇಲೆ ಕಡ್ಡಿ ಸುತ್ತಿದರೆ ತಾನೂ ಸುತ್ತುತ್ತೆ. ಬಳೆಯ ಆಚೆ ಕಡ್ಡಿ ಹಿಡಿದರೆ ಬಳೆಯೊಳಗಿಂದ ದಾಟುತ್ತೆ. ಸೂರ್ಯಕಾಂತಿ ಬೀಜವನ್ನು ಬಟ್ಟಲಿಗೆ ಹಾಕೋದಿಲ್ಲ, ಪಾಠಕ್ಕೆ ಮಾತ್ರ. ಬಟ್ಟಲಲ್ಲಿ ಬೇರೆ ಕಾಳು ಇದ್ದೇ ಇರುತ್ತೆ, ಉಪವಾಸ ಕೆಡವೋದಿಲ್ಲ. ಹಕ್ಕಿ ಮುಖ ತಿರುಗಿಸಿತೋ, ಅವತ್ತಿನ ಪಾಠ ಮುಗೀತು.

ಗಂಗಾವತಿಯ ನಮ್ಮಜ್ಜನ ಮನೆಯಲ್ಲಿ ಪಡಸಾಲೆಯ ತೊಲೆಗೆ ಕಬ್ಬಿಣದ ಪಂಜರ ತೂಗುತ್ತಿತ್ತು. ಒಳಗೆ ರೆಕ್ಕೆ ಕತ್ತರಿಸಿದ ಗಿಣಿ. ಕೂಸಿಗೆ ನೆಕ್ಕಿಸಿದಂತೆ ಅದಕ್ಕೂ ಬಜೆ ತೇಯ್ದು ನೆಕ್ಕಿಸುತ್ತಿದ್ದರು. ಹಸಿಮೆಣಸಿನಕಾಯಿ ತಿಂದರೆ ನಾಲಿಗೆ ಹೊರಳುತ್ತೆ ಅಂತಲೂ ಇತ್ತು. ಆದರೆ ಹಕ್ಕಿಗಳಿಗೆ ಖಾರ ಹತ್ತೋದೇ ಇಲ್ಲ. ಗಿಣಿಯ ದನಿ ಹುಟ್ಟೋದೂ ಎದೆಯೊಳಗೆ, ಉಸಿರುಕೊಳವೆ ಕವಲೊಡೆಯುವ ಕಡೆ. ನಮಸ್ಕಾರ ಕಲಿಸೋಕೆ ಬೆಳಿಗ್ಗೆ ಕಾಳು ಹಾಕದೆ, ಕಾಲಿಗೆ ಕಡ್ಡಿಯಿಂದ ತಟ್ಟುತ್ತಿದ್ದರು. ಕಾಲೆತ್ತಿದರೆ ಕಡಲೆ. ಅದು ಕಾಲೆತ್ತಿತು, ಬಂದವರೆಲ್ಲ ಹೊಗಳಿದರು. ಆದರೆ ಅಜ್ಜನ ಕೈ ಹತ್ತಿರ ಬಂದರೆ ಸಾಕು, ಮೂಲೆಗೆ ಸರಿದು ಸರಳು ಕಚ್ಚಿ ಹಿಡಿಯುತ್ತಿತ್ತು. ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿ ಮತ್ತೆ ಅಗಲವಾಗುತ್ತಿತ್ತು. ಅಜ್ಜ ಕೆಟ್ಟವರಲ್ಲ, ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಆ ಕಣ್ಣು ಮಾತ್ರ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ಹಾಗಂತ ಇಲ್ಲಿನದೆಲ್ಲ ಒಳ್ಳೇದು ಅಂತಲ್ಲ. ಇಲ್ಲೂ ರೆಕ್ಕೆ ಕತ್ತರಿಸುವವರು ಇದ್ದಾರೆ. ಗಂಡ ಹೆಂಡತಿ ಕೆಲಸಕ್ಕೆ ಹೋದರೆ ಹಕ್ಕಿ ದಿನವಿಡೀ ಒಂಟಿ. ಬೇಸರಕ್ಕೆ ತನ್ನ ಪುಕ್ಕ ತಾನೇ ಕಿತ್ತುಕೊಂಡ ಹಕ್ಕಿಗಳನ್ನು ನೋಡಿದ್ದೇನೆ. ನಮ್ಮ ಪಡಸಾಲೆಯಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಗುಂಪಿನಲ್ಲಿ ಬಾಳುವ ಹಕ್ಕಿಗೆ ಅದು ದೊಡ್ಡ ಭಾಗ್ಯ.

ಆದರೆ ಹೊಲದ ಗಿಣಿಯ ಮರಿ ತಂದು ಸಾಕೋದು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹಸಿರು ಗಿಣಿಯನ್ನು ಹಿಡಿಯೋದು, ಮಾರೋದು, ಪಂಜರದಲ್ಲಿಡೋದು ಎಲ್ಲ ಅಪರಾಧ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನ ಇದೆ ಅಂತ ನಾವು ಹೆಮ್ಮೆ ಪಡುತ್ತೇವೆ. ಅದೇ ಅಶೋಕ ಉತ್ತರದ ತನ್ನ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಮೊದಲ ಹೆಸರೇ ಗಿಣಿಯದು. ಸೂರ್ಯಕಾಂತಿ ಹೊಲದಲ್ಲಿ ಅವು ಮಾಡುವ ಲೂಟಿ ನನಗೆ ಗೊತ್ತು, ಅಟ್ಟಣಿಗೆ ಮೇಲೆ ನಿಂತು ಡಬ್ಬ ಬಡಿದವನು ನಾನೂ. ಬೆಳೆ ಕಾಯೋಣ. ಗೂಡಿಗೆ ಕೈ ಹಾಕೋದು ಬೇಡ.

ಹೋದ ರಜೆಯಲ್ಲಿ ಊರಿಗೆ ಬಂದಾಗ ಅಕ್ಕನ ಮಗಳು ಒಂದು ಜೋಡಿ ಬಜರಿಗರ್ ಸಾಕಿದ್ದಳು. ನಮ್ಮಲ್ಲಿ ಎಲ್ಲರೂ 'ಲವ್ ಬರ್ಡ್ಸ್' ಅನ್ನೋ ಹಕ್ಕಿ. ಆಸ್ಟ್ರೇಲಿಯಾದ ಒಣ ಬಯಲಿನವು, ಇವನ್ನು ಸಾಕಬಹುದು. "ಮಾಮಾ, ಕೈಗೆ ಬರವಲ್ದು" ಅಂದಳು. ಕೈ ಒಳಗೆ ಹಾಕಿ ಹಿಡಿಯೋಕೆ ಹೋಗುತ್ತಿದ್ದಳು, ಅವು ಪಂಜರ ತುಂಬಾ ಬಡಿದಾಡುತ್ತಿದ್ದವು. ಹಿಡಿಯೋದು ಬಿಡು ಅಂದೆ. ಮೆಲ್ಬರ್ನ್‌ನಲ್ಲಿ ನವಣೆ ತೆನೆಯನ್ನು ಪ್ಯಾಕೆಟ್‌ನಲ್ಲಿ ಹಾಕಿ ಹಕ್ಕಿಗಳಿಗೆ ಅಂತಲೇ ಮಾರುತ್ತಾರೆ. ನಮ್ಮ ಹೊಲದಲ್ಲಿ ಅದು ಸುಮ್ನೆ ಸಿಗುತ್ತೆ! ಒಂದು ತೆನೆ ಬೆರಳಿನ ಹಿಂದೆ ಹಿಡಿದು, ಬಾಗಿಲಲ್ಲಿ ಸುಮ್ಮನೆ ಕೂತಿರು ಅಂದೆ. ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿಸಿದೆ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಒಂದು ಹಕ್ಕಿ ಕತ್ತು ಚಾಚಿ ಒಂದು ಕಾಳು ಕಿತ್ತುಕೊಂಡು ಓಡಿತು. ಒಂಬತ್ತನೇ ದಿನ ನಾನು ಮೆಲ್ಬರ್ನ್‌ಗೆ ವಾಪಸ್ ಬಂದಿದ್ದೆ. ಫೋನ್ ಬಂತು. ಆ ಕಡೆ ದನಿ ಎಷ್ಟು ಸಣ್ಣಗಿತ್ತು ಅಂದರೆ ಮೊದಲು ಕೇಳಿಸಲೇ ಇಲ್ಲ.

"ಮಾಮಾ, ಮೆಲ್ಲಕ ಮಾತಾಡು. ಬೆರಳ ಮ್ಯಾಲ ಕುಂತೈತಿ."