ಅಂಗಮಾರಿಗೆ ಸೂಪೇ ಮದ್ದು

ನಮ್ಮ ಭಾವನಿಗೆ ಹಾಸನದ ಹತ್ತಿರ ದುದ್ದ ಹೋಬಳಿಯಲ್ಲಿ ಮೂರು ಎಕರೆ ಇದೆ. ಮೂವತ್ತು ವರ್ಷದಿಂದ ಆಲೂಗೆಡ್ಡೆ ಹಾಕುತ್ತಾರೆ. ಗೆಡ್ಡೆ ಕೈಕೊಟ್ಟಾಗೆಲ್ಲ, ಇನ್ನು ಇದರ ಸಹವಾಸ ಬೇಡ, ಬರೋ ವರ್ಷ ಜೋಳ ಹಾಕ್ತೀನಿ ಅಂತ ಆಣೆ ಮಾಡುತ್ತಾರೆ. ಭರಣಿ ಮಳೆ ನಾಲ್ಕು ಹನಿ ಬಿದ್ದ ಕೂಡಲೇ ಆಣೆ ಮರೆತು ಎಪಿಎಂಸಿ ಯಾರ್ಡಿಗೆ ಓಡುತ್ತಾರೆ. ಕುಡುಕ ಕುಡಿತ ಬಿಟ್ಟ ಹಾಗೆ ಅಂತ ಅಕ್ಕ ಹೇಳುತ್ತಾಳೆ.

ಈ ಸಲ ಮಾರ್ಚಿನಲ್ಲಿ ಅವರ ಫೋನಿಗೆ ಒಂದು ಮೆಸೇಜ್ ಬಂತು. 'ಆಲೂಗೆಡ್ಡೆ ಬೆಳೆಗಾರರಿಗೆ ಒಂದು ದಿನದ ಉಚಿತ ತರಬೇತಿ. ಊಟದ ವ್ಯವಸ್ಥೆ ಇದೆ.' ಬಿತ್ತನೆ ಗೆಡ್ಡೆಯ ವಿಷಯ ಇರಬೇಕು ಅಂದುಕೊಂಡರು ಭಾವ. ಪಂಜಾಬಿನ ಜಲಂಧರ್ ಮಾಲು ಯಾವಾಗ ಬರುತ್ತೆ? ರೇಟು ಎಷ್ಟು? ಸಬ್ಸಿಡಿ ಇದೆಯಾ? ಹೋದ ವರ್ಷದ ಹಾಗೆ ಮೂಟೆಯಲ್ಲಿ ಅರ್ಧ ಕೊಳೆತದ್ದೇ ಇದ್ದರೆ ಯಾರನ್ನ ಕೇಳಬೇಕು? ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ನನ್ನನ್ನೂ ಕರೆದರು. ಪೇಪರಿಗೆ ಬರೆಯೋನು ಪಕ್ಕದಲ್ಲಿದ್ದರೆ ಉತ್ತರ ಬೇಗ ಸಿಗುತ್ತೆ ಅನ್ನೋದು ಅವರ ನಂಬಿಕೆ. ಪಾಪ.

ಸಭಾಂಗಣದ ಬಾಗಿಲಲ್ಲಿ ಹದಿನೈದು ಅಡಿ ಫ್ಲೆಕ್ಸ್. 'ಆಲೂಗೆಡ್ಡೆ' ಅನ್ನೋ ಪದ ಆಳೆತ್ತರ, ಉಳಿದದ್ದು ಇರುವೆ ಸಾಲು. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಓದಿದೆ. 'ಮೌಲ್ಯವರ್ಧನೆಯಿಂದ ರೈತರ ಆದಾಯ ವೃದ್ಧಿ: ಸ್ಲೋ ಕುಕ್ಕರಿನಲ್ಲಿ ಕ್ರೀಮಿ ಪೊಟ್ಯಾಟೊ ಸೂಪ್, ಪ್ರಾತ್ಯಕ್ಷಿಕೆ.' ಯಾವ ಇಲಾಖೆ, ಯಾವ ಸಂಸ್ಥೆ ಅಂತ ನನ್ನನ್ನು ಕೇಳಬೇಡಿ. ಊಟ ಹಾಕಿದ್ದಾರೆ.

'ಕ್ರೀಮಿ ಅಂದ್ರೆ ಏನಯ್ಯಾ, ಹುಳನಾ?' ಅಂದರು ಭಾವ.

'ಅಲ್ಲ ಭಾವ, ಕೆನೆ.'

'ಹಂಗಾದ್ರೆ ಸರಿ. ಹುಳ ನಮ್ ಹೊಲದಲ್ಲೇ ಬೇಕಾದಷ್ಟಿದೆ.'

ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಟೇಬಲ್ಲು. ಅದರ ಮೇಲೆ ದೇವರ ಹಾಗೆ ಸ್ಲೋ ಕುಕ್ಕರು ಕೂತಿತ್ತು. ಹೂವಿನ ಹಾರ ಒಂದು ಬಾಕಿ. ನೋಡದವರಿಗೆ ಹೇಳುತ್ತೇನೆ: ಹೊರಗೆ ಕರೆಂಟಿನ ತೊಟ್ಟಿ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಲೋ, ಹೈ, ವಾರ್ಮ್ ಅಂತ ಮೂರು ಗುಂಡಿ. ವಿಷಲ್ ಇಲ್ಲ, ಅವಸರ ಇಲ್ಲ. ಲೋ ಒತ್ತಿದರೆ ಎಂಟು ಗಂಟೆ, ಹೈ ಒತ್ತಿದರೆ ನಾಲ್ಕು. ವಾರ್ಮ್ ಒತ್ತಿದರೆ ಬೇಯೋದೂ ಇಲ್ಲ, ಆರೋದೂ ಇಲ್ಲ. ಭಾವ ಬೆಳೆ ಪರಿಹಾರಕ್ಕೆ ಹಾಕಿದ ಅರ್ಜಿ ಮೂರು ವರ್ಷದಿಂದ ಇರೋದು ಇದೇ ಗುಂಡಿಯಲ್ಲಿ.

ದೀಪ ಹಚ್ಚೋ ಬದಲು ಗಣ್ಯರೆಲ್ಲ ಸೇರಿ ಮುಚ್ಚಳ ಮುಚ್ಚುವುದು ಅಂತ ತೀರ್ಮಾನ ಆಗಿತ್ತು. ಐದು ಜನ ಗಣ್ಯರು, ಮುಚ್ಚಳಕ್ಕೆ ಇರೋದು ನಿಂಬೆಹಣ್ಣಿನ ಗಾತ್ರದ ಒಂದೇ ಹಿಡಿ. ಇಬ್ಬರಿಗೆ ಹಿಡಿ ಸಿಕ್ಕಿತು. ಒಬ್ಬರು ಗಾಜಿನ ಅಂಚಿಗೆ ಬೆರಳು ತಾಗಿಸಿದರು. ನಾಲ್ಕನೆಯವರು ಮೂರನೆಯವರ ಮೊಣಕೈ ಹಿಡಿದರು. ಐದನೆಯವರು ಕ್ಯಾಮೆರಾ ನೋಡಿ ನಕ್ಕರು. ಫೋಟೊದವನು 'ಇನ್ನೊಂದ್ಸಲ ಸಾರ್' ಅಂದ. ತೆಗೆದು ಮತ್ತೆ ಮುಚ್ಚಿದರು. ಹೀಗೆ ನಾಲ್ಕು ಸಲ ಉದ್ಘಾಟನೆ ಆಯಿತು. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿ ಮೇಡಂ ಮೈಕ್ ತೆಗೆದುಕೊಂಡು ಹೇಳಿದ ಮೊದಲ ಮಾತು: 'ಸ್ಲೋ ಕುಕ್ಕರಿನ ಮುಚ್ಚಳ ಸುಮ್ಮಸುಮ್ಮನೆ ತೆಗೀಬಾರದು. ಒಂದು ಸಲ ತೆಗೆದರೆ ಶಾಖ ಹೋಗಿ ಇಪ್ಪತ್ತು, ಮೂವತ್ತು ನಿಮಿಷ ಜಾಸ್ತಿ ಹಿಡಿಯುತ್ತೆ.' ಲೆಕ್ಕ ಹಾಕಿದೆ. ಉದ್ಘಾಟನೆಗೇ ಎರಡು ಗಂಟೆ. ಕುಕ್ಕರು ಇನ್ನೂ ಬಿಸಿಯೇ ಆಗಿರಲಿಲ್ಲ, ಅದು ಬೇರೆ ಮಾತು.

ಮುಚ್ಚಳ ತೆಗೆಯದೆ ಕಾಯೋದನ್ನು ಹಾಸನದವರಿಗೆ ಯಾರೂ ಕಲಿಸಬೇಕಿಲ್ಲ ಬಿಡಿ. ಹಾಸನಾಂಬೆಯ ಬಾಗಿಲು ತೆರೆಯೋದೇ ವರ್ಷಕ್ಕೊಂದು ಸಲ, ಆಶ್ವೀಜದ ಹುಣ್ಣಿಮೆ ಕಳೆದ ಮೊದಲ ಗುರುವಾರ. ಮುಚ್ಚುವಾಗ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತೆ, ಇಟ್ಟ ನೈವೇದ್ಯ ಹಳಸಿರೋದಿಲ್ಲ ಅನ್ನೋದು ನಮ್ಮೂರ ನಂಬಿಕೆ. ಅಲ್ಲಿ ಕರೆಂಟಿನ ಹಂಗಿಲ್ಲ. ಇಲ್ಲಿ ಇತ್ತು.

ಹನ್ನೊಂದೂ ಇಪ್ಪತ್ತಕ್ಕೆ ಕರೆಂಟು ಹೋಯಿತು.

ಮೈಕ್ ನಿಂತಿತು, ಫ್ಯಾನ್ ನಿಂತಿತು. ಕುಕ್ಕರಿನ ಮೇಲಿದ್ದ ಕೆಂಪು ಅಂಕಿಗಳೂ ಆರಿದವು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಡೀಸೆಲ್ಲಿನ ಬಿಲ್ ಇತ್ತು ಅಂತ ಪಕ್ಕದಲ್ಲಿ ಕೂತವರೊಬ್ಬರು ಹೇಳಿದರು. ನಾನು ನೋಡಿಲ್ಲ. ನಲವತ್ತು ನಿಮಿಷ ಬಿಟ್ಟು ಕರೆಂಟು ಬಂದಾಗ ಫ್ಯಾನ್ ತಾನಾಗಿ ತಿರುಗಿತು, ಕುಕ್ಕರು ಮಾತ್ರ ಬರೀ ಕಣ್ಣು ಮಿಟುಕಿಸುತ್ತಾ ಕೂತಿತು. ಡಿಜಿಟಲ್ ಮಾಡೆಲ್ ನೋಡಿ. ಇಂಥ ಎಷ್ಟೋ ಕುಕ್ಕರುಗಳು ಕರೆಂಟು ಹೋಗಿ ಬಂದರೆ ಎಲ್ಲಿದ್ದೆ ಅನ್ನೋದನ್ನೇ ಮರೆತುಬಿಡುತ್ತವೆ. ತಿರುಗಿಸೋ ಗುಂಡಿ ಇರೋ ಹಳೇ ಮಾಡೆಲ್ಲಾದರೆ ತಾನಾಗಿ ಮುಂದುವರಿಯುತ್ತೆ. ಬಡ ಕುಕ್ಕರಿಗೆ ಇರೋ ಬುದ್ಧಿ ಶ್ರೀಮಂತ ಕುಕ್ಕರಿಗೆ ಇಲ್ಲ. ವೇದಿಕೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಪಿಂಗಾಣಿಯೊಳಗೆ ಗೆಡ್ಡೆ ತಣ್ಣಗೆ ನೆನೆಯುತ್ತಾ ಇತ್ತು.

ಗೆಡ್ಡೆ ಅಂದೆ ಅಲ್ವಾ, ಅದರದ್ದೂ ಒಂದು ಕತೆ. ಟೇಬಲ್ ಮೇಲೆ ಬಲೆ ಚೀಲದಲ್ಲಿ ಇನ್ನೊಂದಷ್ಟು ಗೆಡ್ಡೆ ಇತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಹೋಗಿ ಒಂದನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಸಿಪ್ಪೆ ತಿಕ್ಕಿದರು, ಮೂಸಿದರು, ಬೆಳಕಿಗೆ ಹಿಡಿದು ತಿರುಗಿಸಿ ಕಣ್ಣು ಎಣಿಸಿದರು. 'ಇದು ನಮ್ ಕಡೇದಲ್ಲ' ಅಂತ ಕೆಳಗಿಟ್ಟರು. ಹೇಗೆ ಇರುತ್ತೆ? ನಮ್ಮ ಮಳೆಗಾಲದ ಗೆಡ್ಡೆ ಮೇನಲ್ಲಿ ಹಾಕಿದರೆ ಕೀಳೋದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಮಾರ್ಚಿನಲ್ಲಿ ಪೇಟೆಗೆ ಬರೋದು ಉತ್ತರದ ಮಾಲು. ಅಂದರೆ ಹಾಸನದ ರೈತನ ಆದಾಯ ಹೆಚ್ಚಿಸೋದಕ್ಕೆ ಬೇರೆ ರಾಜ್ಯದ ಗೆಡ್ಡೆ, ಅಮೆರಿಕದ ಕುಕ್ಕರು, ಬೆಂಗಳೂರಿನ ಮೇಡಂ. ಹಾಸನದ್ದು ಅಂತ ಅಲ್ಲಿ ಇದ್ದದ್ದು ಕುರ್ಚಿ ಮೇಲೆ ಕೂತ ನಾವು ನಲವತ್ತು ಜನ, ಮತ್ತೆ ಹೋದ ಕರೆಂಟು.

ಮೇಡಂ ಪಾಪ ಒಳ್ಳೆಯವರು. ವಿಷಯ ಗೊತ್ತಿತ್ತು, ಆಸೆಯಿಂದ ಹೇಳಿದರು. ಗೆಡ್ಡೆ ಒಂದು ಕೆಜಿ, ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ತರಕಾರಿ ಬೇಯಿಸಿದ ನೀರು, ಉಪ್ಪು, ಕರಿಮೆಣಸು. ಕೆನೆಯನ್ನು ಮೊದಲೇ ಹಾಕಬಾರದು, ಅಷ್ಟು ಹೊತ್ತು ಬೆಂದರೆ ಒಡೆದುಹೋಗುತ್ತೆ, ಕೊನೆಯ ಅರ್ಧ ಗಂಟೆಯಲ್ಲಿ ಹಾಕಬೇಕು. ಮಂದ ಆಗಬೇಕು ಅಂತ ಮಿಕ್ಸಿಗೆ ಹಾಕಬಾರದು, ಗೆಡ್ಡೆಯ ಪಿಷ್ಟ ಬಿಟ್ಟುಕೊಂಡು ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದಾಗುತ್ತೆ. ಅರ್ಧ ಗೆಡ್ಡೆಯನ್ನು ಸೌಟಿನ ಹಿಂಬದಿಯಲ್ಲಿ ಮಸೆದರೆ ಸಾಕು. ಎಲ್ಲ ನಿಜ. ಮೇಲೆ ಉದುರಿಸೋಕೆ ಚೀಸು, ಈರುಳ್ಳಿ ಹೂವು. 'ಇದನ್ನು ಒಂದು ಬೌಲ್ ಇನ್ನೂರು ರೂಪಾಯಿಗೆ ಮಾರಬಹುದು' ಅಂದರು.

'ದುದ್ದದಲ್ಲಾ?' ಅಂತ ಹಿಂದಿನಿಂದ ಯಾರೋ ಕೇಳಿದರು.

ಮೌಲ್ಯವರ್ಧನೆ ಅನ್ನೋದನ್ನು ನಾನು ಅಲ್ಲೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಗೆಡ್ಡೆಗೆ ಇಪ್ಪತ್ತು ರೂಪಾಯಿ. ಕೆನೆಗೆ, ಚೀಸಿಗೆ, ಅದರ ಹತ್ತು ಪಟ್ಟು. ಕುಕ್ಕರಿನ ಬೆಲೆ ಕೇಳಿದ ಭಾವ 'ಇದಕ್ಕೆ ಎಷ್ಟು ಮೂಟೆ ಬಿತ್ತನೆ ಬರ್ತಿತ್ತು' ಅಂತ ಬೆರಳು ಮಡಿಸತೊಡಗಿದರು. ಕರೆಂಟು ಮಾತ್ರ ತೊಂದರೆ ಇಲ್ಲ: ಇನ್ನೂರು ವ್ಯಾಟಿನ ಕುಕ್ಕರು ಎಂಟು ಗಂಟೆ ಓಡಿದರೆ ಒಂದೂವರೆ ಯೂನಿಟ್ ಚಿಲ್ಲರೆ. ಗೃಹಜ್ಯೋತಿ ಇದೆಯಲ್ಲ. ಮನೆಯ ಮೀಟರಿನಲ್ಲಿ ಒಂದು ಜ್ಯೋತಿ, ಹೊಲದಲ್ಲಿ ಇನ್ನೊಂದು ಜ್ಯೋತಿ.

ಹೊಲದ ಜ್ಯೋತಿ ಅಂದರೆ ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು 1968ರಲ್ಲಿ ಬಿಟ್ಟ ತಳಿ. ಗಿಡವನ್ನೇ ಕೊಳೆಸೋ ಅಂಗಮಾರಿ ರೋಗಕ್ಕೆ ಜಗ್ಗೋದಿಲ್ಲ ಅಂತ ಆಗ ಹೆಸರಾಗಿತ್ತು. ಈಗ ಅಂಗಮಾರಿಯೇ ಅದರ ಮನೆ ಅಳಿಯ. ಆಷಾಢದಲ್ಲಿ ಮೋಡ ಮುಚ್ಚಿ ಜಿಟಿಜಿಟಿ ಹಿಡಿಯಿತು ಅಂದರೆ ಸೋಮವಾರ ಎಲೆಯ ಅಂಚಿನಲ್ಲಿ ನೀರು ಕುಡಿದ ಹಾಗೆ ಕಪ್ಪು ಮಚ್ಚೆ. ಬೆಳಿಗ್ಗೆ ಎಲೆ ತಿರುಗಿಸಿ ನೋಡಿದರೆ ಕೆಳಗೆ ಬೂದಿ ಎರಚಿದ ಹಾಗೆ ಬಿಳಿ ಬೂಷ್ಟು. ಭಾನುವಾರದ ಹೊತ್ತಿಗೆ ಇಡೀ ಹೊಲಕ್ಕೆ ಬಿಸಿನೀರು ಸುರಿದಂತೆ ಕಾಣುತ್ತೆ, ವಾಸನೆ ರಸ್ತೆಗೇ ಬರುತ್ತೆ. ಎಕರೆಗೆ ಹತ್ತು, ಹನ್ನೆರಡು ಮೂಟೆ ಬಿತ್ತನೆ ಹಾಕಿ, ಔಷಧಿ ಹೊಡೆದು ಹೊಡೆದು ಕೈಸೋತ ಮೇಲೆ ಪಕ್ಕದ ಹೊಲದವರು ಶುಂಠಿಗೆ ಹೋದರು, ಅವರ ಪಕ್ಕದವರು ಜೋಳಕ್ಕೆ. ಹಾಸನದ ಗೆಡ್ಡೆ ಅನ್ನೋದು ಹೀಗೆ ವರ್ಷ ವರ್ಷ ಕರಗುತ್ತಾ ಬಂತು. ಸೂಪು ಮಾಡುವಾಗ ಹೊಲವೇ ತೆಳ್ಳಗಾದರೆ ಯಾವ ಸೌಟಿನಲ್ಲಿ ಮಸೆಯೋದು?

ಭಾಷಣದ ನಡುವೆ ನನಗೆ ಐರ್ಲೆಂಡ್ ನೆನಪಾಯಿತು. ಇದೇ ಅಂಗಮಾರಿ 1845ರಲ್ಲಿ ಅಲ್ಲಿಗೆ ಹೋಗಿ ಗೆಡ್ಡೆಯನ್ನೇ ನಂಬಿದ್ದ ಜನರನ್ನು ಹಸಿವಿಗೆ ತಳ್ಳಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಆಳುವವರು ಏನು ಮಾಡಿದರು ಗೊತ್ತಾ? ಲಂಡನ್ನಿನ ದೊಡ್ಡ ಮನುಷ್ಯರ ಕ್ಲಬ್ಬಿನಿಂದ ಅಲೆಕ್ಸಿಸ್ ಸೋಯರ್ ಅನ್ನೋ ಹೆಸರಾಂತ ಬಾಣಸಿಗನನ್ನು ಕರೆಸಿದರು. ಆತ 1847ರ ಏಪ್ರಿಲಿನಲ್ಲಿ ಡಬ್ಲಿನ್ನಿನಲ್ಲಿ ಸೂಪಿನ ಅಡುಗೆಮನೆ ತೆರೆದ. ಉದ್ಘಾಟನೆಗೆ ಗಣ್ಯರು, ಅವರ ಮನೆಯ ಹೆಂಗಸರು ಅಲಂಕಾರ ಮಾಡಿಕೊಂಡು ಬಂದರು, ಹಸಿದವರು ಕುಡಿಯೋದನ್ನು ನೋಡೋದಕ್ಕೆ. ಗಂಟೆ ಹೊಡೆದರೆ ನೂರು ಜನ ಒಳಗೆ, ಇನ್ನೊಂದು ಸಲ ಹೊಡೆದರೆ ಅವರು ಹೊರಗೆ. ಚಮಚಗಳಿಗೆ ಸರಪಳಿ ಕಟ್ಟಿದ್ದರು, ಯಾರೂ ಒಯ್ಯದ ಹಾಗೆ. ಗೆಡ್ಡೆಗೆ ರೋಗ ಬಂದರೆ ಮೇಲಿನವರಿಗೆ ಸೂಪು ಹೊಳೆಯೋದು ಇವತ್ತಿನ ಚಾಳಿ ಏನೂ ಅಲ್ಲ. ನಮ್ಮಲ್ಲಿ ಚಮಚ ಪ್ಲಾಸ್ಟಿಕ್ಕಿನದು, ಸರಪಳಿ ಇರಲಿಲ್ಲ. ಅಷ್ಟು ಸುಧಾರಿಸಿದ್ದೇವೆ.

ಪ್ರಶ್ನೋತ್ತರ ಬಂತು. ಭಾವ ಚೀಟಿ ತೆಗೆದು ಎದ್ದು ನಿಂತರು. 'ಬಿತ್ತನೆ ಗೆಡ್ಡೆ...' ಅನ್ನೋಷ್ಟರಲ್ಲಿ ನಿರೂಪಕರು ಮೈಕ್ ಹತ್ತಿರ ಬಾಗಿ, 'ದಯವಿಟ್ಟು ಪ್ರಶ್ನೆಗಳು ಸೂಪಿಗೆ ಮಾತ್ರ ಸಂಬಂಧಪಟ್ಟಿರಲಿ' ಅಂದರು.

ಭಾವ ಒಂದು ಕ್ಷಣ ಯೋಚಿಸಿದರು. 'ಸರಿ ಸ್ವಾಮಿ. ಕೊಳೆತ ಬಿತ್ತನೆ ಗೆಡ್ಡೇಲಿ ಸೂಪು ಆಗ್ತದಾ?'

ಚಪ್ಪಾಳೆ ಬಿತ್ತು. ಉತ್ತರ ಬೀಳಲಿಲ್ಲ, ಊಟದ ಸಮಯ ಆಗಿತ್ತು.

ಊಟಕ್ಕೆ ಮೊದಲು ಎಲ್ಲರಿಗೂ ಚಿಕ್ಕ ಲೋಟದಲ್ಲಿ ಸೂಪು ಕೊಟ್ಟರು. ಬಿಸಿಯಾಗಿ, ಬೆಣ್ಣೆಯ ಹಾಗೆ, ನಿಜಕ್ಕೂ ಚೆನ್ನಾಗಿತ್ತು. ವೇದಿಕೆಯ ಕುಕ್ಕರು ಇನ್ನೂ ಕಣ್ಣು ಮಿಟುಕಿಸುತ್ತಿದೆ, ಇದು ಎಲ್ಲಿಂದ ಬಂತು? ಕೈತೊಳೆಯೋ ಹತ್ತಿರ ಸಿಕ್ಕ ಡ್ರೈವರ್ ಗುಟ್ಟು ಬಿಟ್ಟುಕೊಟ್ಟ. 'ಬೆಳಿಗ್ಗೆ ಲಾಡ್ಜಿನ ಅಡುಗೆಮನೇಲಿ ಪ್ರೆಷರ್ ಕುಕ್ಕರಲ್ಲಿ ಮಾಡಿದ್ದು ಸಾರ್. ನಾಲ್ಕು ವಿಷಲ್ಲು.'

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆವು. ಎಂಟು ಗಂಟೆ ಬೇಯಿಸೋ ಮಶೀನು ಅಂದಾಗ ಅವಳಿಗೆ ನಗು. ಅವಳ ಅತ್ತೆ ಬೆಳಿಗ್ಗೆ ಬೆರಣಿ ಕೆಂಡದ ಮೇಲೆ ಎಮ್ಮೆ ಹಾಲಿಟ್ಟು, ಬೂದಿ ಮುಚ್ಚಿ ಗದ್ದೆಗೆ ಹೋದರೆ ಸಂಜೆಗೆ ಹಾಲು ಕೆಂಪಗಾಗಿ ಬೆರಳು ದಪ್ಪ ಕೆನೆ ಕಟ್ಟಿರುತ್ತಿತ್ತಂತೆ. ಅದೇ ಬೂದಿಯಲ್ಲಿ ಮಕ್ಕಳಿಗೆ ನಾಲ್ಕು ಗೆಡ್ಡೆ ಹೂತಿಡುತ್ತಿದ್ದರು. ಸ್ಲೋ ಕುಕ್ಕರಿನ ಹುಟ್ಟೂ ಹೆಚ್ಚುಕಡಿಮೆ ಇಂಥದ್ದೇ. ಚಿಕಾಗೊದ ಇರ್ವಿಂಗ್ ನ್ಯಾಕ್ಸನ್ ಅನ್ನೋರಿಗೆ ಅವರ ತಾಯಿ ಲಿಥುವೇನಿಯಾದ ಊರಿನ ಕತೆ ಹೇಳಿದ್ದರು. ಅಲ್ಲಿನ ಯಹೂದಿಗಳು ಶುಕ್ರವಾರ ಸಂಜೆ ಕಾಳು, ಗೆಡ್ಡೆ, ಮಾಂಸ ತುಂಬಿದ ಪಾತ್ರೆಯನ್ನು ಬೇಕರಿಯ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ಆರುತ್ತಾ ಇರೋ ಒಲೆಯ ಶಾಖದಲ್ಲೇ ರಾತ್ರಿಯೆಲ್ಲ ಬೇಯುತ್ತಿತ್ತು. ಮಗ ಅದನ್ನು ಕರೆಂಟಿಗೆ ಹೊಂದಿಸಿ 1940ರಲ್ಲಿ ಪೇಟೆಂಟ್ ಪಡೆದ. ಅವನ ಅಮ್ಮನ ಮಾತು ಮಶೀನಾಯಿತು. ಅಕ್ಕನ ಅತ್ತೆಯ ಹಾಲಿನ ಒಲೆಯನ್ನು ಮನೆಗೆ ಟೈಲ್ಸ್ ಹಾಕಿಸುವಾಗ ಕಿತ್ತು ಎಸೆದೆವು.

ಅಂದ ಹಾಗೆ, ಆ ಕುಕ್ಕರು ಈಗ ನಮ್ಮ ಭಾವನ ಮನೆಯಲ್ಲೇ ಇದೆ. ಕೊನೆಯಲ್ಲಿ ಚೀಟಿ ಎತ್ತಿದರು. ಜೀವಮಾನದಲ್ಲಿ ಭಾವನಿಗೆ ಹತ್ತಿದ ಒಂದೇ ಲಾಟರಿ ಅದು. ಪಿಂಗಾಣಿ ಪಾತ್ರೆಯಲ್ಲಿ ಅಕ್ಕ ಮೊಸರಿಗೆ ಹೆಪ್ಪು ಹಾಕುತ್ತಾಳೆ, ಗಟ್ಟಿಯಾಗಿ ಕೂರುತ್ತೆ. ಹೊರಗಿನ ತೊಟ್ಟಿಯಲ್ಲಿ ಬೆಕ್ಕು ಮರಿ ಹಾಕಿದೆ.

ಮೇ ಮೊದಲ ವಾರ ಭಾವನ ಜೊತೆ ಎಪಿಎಂಸಿಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೇ ಸಾಲು ಗೇಟು ದಾಟಿತ್ತು. ಲಾರಿಯಿಂದ ಮೂಟೆ ಇಳಿಯುತ್ತಿದ್ದವು. ಭಾವ ಒಂದು ಮೂಟೆಯ ಸಂದಿಯಲ್ಲಿ ಎರಡು ಬೆರಳು ತೂರಿಸಿ ಹೊರಗೆ ತೆಗೆದು ಮೂಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಏನೂ ಹೇಳಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಅಂತು.

'ನೋಡಯ್ಯಾ, ಏನೋ ಕೇಳ್ತಾವ್ರೆ.'

ಓದಿದೆ. 'ಮಾನ್ಯ ರೈತರೇ, ನಮ್ಮ ತರಬೇತಿಯಿಂದ ನಿಮ್ಮ ಆದಾಯ ಎಷ್ಟು ಹೆಚ್ಚಿದೆ? ಎರಡು ಪಟ್ಟು ಆಗಿದ್ದರೆ 1 ಒತ್ತಿ. ಮೂರು ಪಟ್ಟು ಆಗಿದ್ದರೆ 2 ಒತ್ತಿ. ಅದಕ್ಕಿಂತ ಹೆಚ್ಚಾಗಿದ್ದರೆ 3 ಒತ್ತಿ.'

'ಏನೂ ಇಲ್ಲ ಅನ್ನೋದಕ್ಕೆ ಯಾವ್ದು?'

'ಅದು ಕೊಟ್ಟಿಲ್ಲ ಭಾವ.'

'ಮತ್ತೆ ಯಾವ್ದು ಒತ್ಲಿ?'

'ಯಾವ್ದಾದ್ರೂ ಒತ್ತಿ, ಸಾಲು ಮುಂದೆ ಹೋಯ್ತು ನೋಡಿ.'