ಎತ್ತು ಏರಿಗೆ, ಟೈರು ನೀರಿಗೆ

ನಮ್ಮ ಮನೆಯ ಹಿಂದಿನ ಲಾನ್ ನೋಡಿದ ಅಪ್ಪ ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಹಿಚುಕಿದ್ದು. "ಕೆಮ್ಮಣ್ಣು. ಉಳುಮೆ ಪರವಾಗಿಲ್ಲ ಕಣ್ಲಾ, ಸಾಲು ಮಾತ್ರ ಸೊಟ್ಟಗೈತೆ. ಏನು ಬಿತ್ತೀಯ?" ಎಂದರು.

ನಾನು ಉತ್ತಿರಲಿಲ್ಲ. ಹುಲ್ಲು ಕತ್ತರಿಸಿದ್ದೆ, ಅಷ್ಟೇ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲೆಯಿಂದ ಮುಕ್ಕಾಲು ಗಂಟೆ ದೂರದ ಹಳ್ಳಿಗಾಡು. ಮೂರು ಎಕರೆ ಜಾಗ, ಅದರಲ್ಲಿ ಎರಡು ಎಕರೆ ಫೆಸ್ಕ್ಯೂ ಹುಲ್ಲು. ಇಲ್ಲಿಯ ಮಣ್ಣು ಒಣಗಿದರೆ ಇಟ್ಟಿಗೆ, ನೆಂದರೆ ಕಡುಬಿನ ಹಿಟ್ಟು. ಇಷ್ಟಗಲದ ಹುಲ್ಲನ್ನು ತಳ್ಳುವ ಯಂತ್ರದಲ್ಲಿ ಕತ್ತರಿಸಿ ಸೊಂಟ ಹೋದ ಮೇಲೆ 25 ಹಾರ್ಸ್‌ಪವರಿನ ಒಂದು ಪುಟ್ಟ ಟ್ರ್ಯಾಕ್ಟರ್ ತಗೊಂಡೆ. ಮುಂದೆ ಮಣ್ಣೆತ್ತುವ ಲೋಡರ್, ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಡೆಕ್, ನಾಲ್ಕೂ ಚಕ್ರಕ್ಕೆ ಶಕ್ತಿ. ಸಾಫ್ಟ್‌ವೇರಿನವನಿಗೆ ಇದಕ್ಕಿಂತ ದೊಡ್ಡ ಆಟಿಕೆ ಬೇಕಾಗಿಲ್ಲ.

ಅಂಗಡಿಯವನು ಒಳ್ಳೆಯವನೇ, ಮೊದಲೇ ಕೇಳಿದ್ದ: "ಟೈರ್ ಯಾವುದು ಹಾಕಲಿ?" ಟ್ರ್ಯಾಕ್ಟರ್ ಟೈರಿಗೆ ಇಲ್ಲಿ ನಂಬರ್ ಉಂಟು. ಆರ್-1 ಹೊಲದ್ದು, ಓರೆಯಾಗಿ ಎದ್ದು ನಿಂತ ದಪ್ಪ ಹಲ್ಲುಗಳು. ಆರ್-3 ಲಾನಿನದು, ಅಗಲವಾಗಿ ಚಪ್ಪಟೆ, ಮೇಲೆ ಚಿಕ್ಕ ಚಿಕ್ಕ ಬಿಲ್ಲೆ. ಆರ್-4 ಎರಡರ ನಡುವಿನದು, ಕಟ್ಟಡದ ಕೆಲಸಕ್ಕೆ. ಆರ್-2 ಎನ್ನುವುದು ಭತ್ತ ಮತ್ತು ಕಬ್ಬಿನ ಗದ್ದೆಗೇ ಮೀಸಲು ಎಂದು ತಿಳಿದಾಗ ಮಂಡ್ಯದವನಾದ ನನ್ನ ಎದೆ ಒಂದಿಂಚು ಉಬ್ಬಿತು. ಅದು ಆ ಅಂಗಡಿಯಲ್ಲಿ ಇರಲಿಲ್ಲ, ಇದ್ದಿದ್ದರೆ ಅದನ್ನೇ ತರುತ್ತಿದ್ದೆ. "ಲಾನಿಗೆ ಆರ್-3 ಒಳ್ಳೇದು" ಅಂತ ಅವನು ಹೇಳಿದ. ಆದರೆ ಆ ಬೋಳು ಟೈರ್ ಹಾಕಿಕೊಂಡು ನಿಂತ ಟ್ರ್ಯಾಕ್ಟರ್, ಪಂಚೆ ಮೇಲೆ ಬೂಟು ಹಾಕಿದ ಮದುಮಗನ ಹಾಗೆ ಕಂಡಿತು. ಹಲ್ಲಿರುವುದೇ ಬೇಕೆಂದೆ. ಹಿಂದಿನ ಚಕ್ರಗಳಿಗೆ ಭಾರಕ್ಕೆಂದು ಒಳಗೆ ದ್ರವವನ್ನೂ ತುಂಬಿಸಿ ಕೊಟ್ಟ.

ಏಪ್ರಿಲ್ ತಿಂಗಳ ಎರಡು ಮಳೆ ಬಿದ್ದ ಮೇಲೆ ಹುಲ್ಲು ಕತ್ತರಿಸಲು ಇಳಿದೆ. ನೇರ ಹೋಗುವಾಗ ಹೆಚ್ಚೇನೂ ಆಗಲಿಲ್ಲ. ತಿರುಗಿಸುವ ಜಾಗದಲ್ಲೆಲ್ಲ ಟೈರು ಹುಲ್ಲನ್ನು ಬೇರು ಸಮೇತ ಸುಲಿದು ಪಕ್ಕಕ್ಕೆ ಮಡಚಿ ಇಟ್ಟಿತು, ಹೋಟೆಲಿನವನು ದೋಸೆ ಮಗುಚಿದ ಹಾಗೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ "ರೀ, ಹಿಂದೆ ತಿರುಗಿ ನೋಡಿ" ಎಂದಳು. ನಾನು ನೋಡಲಿಲ್ಲ. ನೋಡದೇ ಇದ್ದರೆ ಆಗಿಲ್ಲ ಎಂಬ ಸಿದ್ಧಾಂತ ನನ್ನದು. ಮೂರನೆಯ ವಾರಕ್ಕೆ ಊರಿನಿಂದ ಅಪ್ಪ ಬಂದಿಳಿದರು. ಆಮೇಲಿನದ್ದು ಮೇಲೆ ಹೇಳಿದೆನಲ್ಲ.

ಟೈರ್ ಬದಲಿಸುವುದೆಂದು ತೀರ್ಮಾನವಾಯಿತು. ನಾಲ್ಕೂ ಹೊಸದು ತಗೊಂಡರೆ ಊರಲ್ಲಿ ಒಂದು ಜೊತೆ ಎತ್ತು ಬರುತ್ತದೆ. ಅಷ್ಟರಲ್ಲಿ ಯಾರೋ ಹಿಂದಿನ ಎರಡು ಲಾನ್ ಟೈರುಗಳನ್ನು ರಿಮ್ ಸಮೇತ 400 ಡಾಲರಿಗೆ ಮಾರುವುದು ಕಂಡಿತು. ಬೋಲ್ಟಿನ ತೂತು ಲೆಕ್ಕ ಹಾಕಿದೆ, ಸರಿಯಿತ್ತು. ಹುಲ್ಲು ಕೀಳುವುದು ಹಿಂದಿನ ದೊಡ್ಡ ಚಕ್ರ ತಾನೇ, ಮುಂದಿನದು ಹಾಗೇ ಇರಲಿ, ಅರ್ಧ ದುಡ್ಡು ಉಳಿಯಿತು ಅಂದುಕೊಂಡೆ. ಈ "ತಾನೇ" ಎಂಬ ಪದದಿಂದ ನಾನು ಕಳೆದುಕೊಂಡ ದುಡ್ಡಿನ ಲೆಕ್ಕ ಹೆಂಡತಿಯ ಹತ್ತಿರ ಇದೆ.

ಶನಿವಾರ ಬೆಳಗ್ಗೆ ಶೆಡ್ಡಿನಲ್ಲಿ ಜ್ಯಾಕ್ ಕೊಟ್ಟು, ಅಡಿಗೆ ಮರದ ದಿಮ್ಮಿ ಇಟ್ಟು, ನಟ್ ಬಿಚ್ಚಿದೆ. ಚಕ್ರ ಹೊರಗೆ ಬಂತು, ಬಂದದ್ದು ನೇರ ನನ್ನ ಎದೆಯ ಮೇಲೆ ಒರಗಿತು. ಒಳಗಿನ ದ್ರವ ಸೇರಿ ಏನಿಲ್ಲವೆಂದರೂ ನೂರೈವತ್ತು ಕೆಜಿ. ಅಪ್ಪನೂ ನಾನೂ ಸೇರಿ ಹೇಗೋ ಗೋಡೆಗೆ ಒರಗಿಸಿದೆವು. ಇದನ್ನು ಮೂಲೆಗೆ ಉರುಳಿಸಬೇಕಾದರೆ ದ್ರವ ತೆಗೆದು ಹಗುರ ಮಾಡುವುದೇ ಸರಿ ಎಂದು, ವಾಲ್ವಿನ ಮುಚ್ಚಳ ತೆಗೆದು ಒಳಗಿನ ಪಿನ್ನನ್ನೂ ತಿರುಗಿಸಿ ತೆಗೆದೆ. ವಾಲ್ವ್ ಮೇಲ್ಗಡೆ ಇರುವಂತೆ ಚಕ್ರ ತಿರುಗಿಸಿ, ಮೊದಲು ಗಾಳಿ ಬಿಟ್ಟು, ಆಮೇಲೆ ಕೆಳಗೆ ತಂದು ಪೈಪ್ ಸಿಕ್ಕಿಸಿ ಡ್ರಮ್ಮಿಗೆ ಇಳಿಸಬೇಕು ಎಂಬುದು ಬಲ್ಲವರ ಕ್ರಮ. ನನ್ನ ವಾಲ್ವ್ ಕೆಳಗಿತ್ತು, ಗಾಳಿ ಒಳಗಿತ್ತು.

ಕಂದು ಬಣ್ಣದ ಅಂಟು ದ್ರವ ಬೆರಳು ಗಾತ್ರದ ಧಾರೆಯಾಗಿ ನನ್ನ ಹೊಟ್ಟೆಗೆ ಹೊಡೆಯಿತು. ಪಿನ್ ಎಲ್ಲಿ ಹಾರಿತೋ ಗೊತ್ತಾಗಲಿಲ್ಲ. ಹೆಬ್ಬೆರಳು ಒತ್ತಿದೆ, ಆಗ ಅದು ಮುಖಕ್ಕೆ ತಿರುಗಿತು. ಅಪ್ಪ ಮಾತ್ರ ನಿಧಾನವಾಗಿ ಹತ್ತಿರ ಬಂದು, ನನ್ನ ಅಂಗಿಯ ಮೇಲೆ ಬೆರಳಾಡಿಸಿ, ಮೂಸಿದರು. ಮುಖದಲ್ಲಿ ಒಂದು ಥರದ ಬೆಳಕು.

"ಕಾಕಂಬಿ ಕಣೋ ಇದು!"

ಬಹುಮಟ್ಟಿಗೆ ನಿಜ. ಇಲ್ಲಿ ಬೀಟ್‌ನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ರಸವನ್ನೇ ಟ್ರ್ಯಾಕ್ಟರ್ ಟೈರಿಗೆ ತುಂಬುತ್ತಾರೆ. ನೀರಿಗಿಂತ ತೂಕ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ಹಿಂದೆ ಬಳಸುತ್ತಿದ್ದ ಕ್ಯಾಲ್ಸಿಯಂ ಕ್ಲೋರೈಡಿನ ಹಾಗೆ ರಿಮ್ಮನ್ನು ತುಕ್ಕು ಹಿಡಿಸುವುದೂ ಇಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಅಪ್ಪ ಅದರ ಗೇಟಿನ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡು ಸರದಿ ಕಾಯುತ್ತಾ ಎಷ್ಟೋ ರಾತ್ರಿ ಕಳೆದವರು. ಆ ವಾಸನೆ ಅಟ್ಲಾಂಟಿಕ್ ದಾಟಿ ಮಗನ ಶೆಡ್ಡಿನಲ್ಲಿ ಸಿಕ್ಕಿದ್ದಕ್ಕೆ ಅವರಿಗೆ ಆದ ಸಂತೋಷ, ಮಗನ ಕೆಲಸ ಖಾಯಂ ಆದಾಗಲೂ ಆಗಿರಲಿಲ್ಲ. "ಊರಲ್ಲೂ ಟೈರಿಗೆ ನೀರು ತುಂಬಿಸ್ತೀವಿ. ಕಾಕಂಬಿ ಕುಡಿಸೋ ಶ್ರೀಮಂತಿಕೆ ನಮಗೆಲ್ಲಿತ್ತು" ಎಂದು ಫೋನಿನಲ್ಲಿ ಅಮ್ಮನಿಗೆ ವರದಿಯನ್ನೂ ಕೊಟ್ಟರು. ನಾನು ಅಷ್ಟು ಹೊತ್ತೂ ಹೆಬ್ಬೆರಳು ತೆಗೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ತುಂಬ ಇರುವೆ, ನನ್ನ ಸುತ್ತ ಜೇನು.

ಹೇಗೋ ಸಂಜೆಯೊಳಗೆ ಎರಡೂ ಲಾನ್ ಟೈರ್ ಕೂತವು. ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟು ಹುಲ್ಲಿಗಿಳಿದೆ. ಎರಡು ಮಾರು ಹೋಗುವುದರೊಳಗೆ ಟ್ರ್ಯಾಕ್ಟರ್ ವಿಚಿತ್ರವಾಗಿ ನಡುಗಿತು. ಮುಂದಿನ ಚಕ್ರಗಳು ನೇರ ಹೋಗುವಾಗಲೇ ಹುಲ್ಲು ಕೆರೆಯುತ್ತಿವೆ! ಹಿಂದಿನವು ಸಾಧುವಾಗಿ ಕೂತಿವೆ, ಇಷ್ಟು ದಿನ ಸುಮ್ಮನಿದ್ದ ಮುಂದಿನವು ಈಗ ಕೋಳಿಯ ಹಾಗೆ ಕೆದಕುತ್ತಿವೆ. ಸಾಲದ್ದಕ್ಕೆ ಟ್ರ್ಯಾಕ್ಟರಿನ ಹಿಂಭಾಗ ತಗ್ಗಿದ್ದರಿಂದ ಕತ್ತರಿಸುವ ಡೆಕ್ಕೂ ವಾಲಿತ್ತು. ಹುಲ್ಲು, ಮೊದಲ ದಿನ ಕತ್ತರಿ ಹಿಡಿದ ಕ್ಷೌರಿಕನ ಕೆಲಸದ ಹಾಗೆ ಕಂಡಿತು. ನಾಲ್ಕು ಚಕ್ರದ ಲಿವರ್ ಬಿಡಿಸಲು ಹೋದರೆ ಅದು ಕಚ್ಚಿಕೊಂಡು ಕೂತಿದೆ, ಜಪ್ಪಯ್ಯ ಅಂದರೂ ಬರುತ್ತಿಲ್ಲ.

ಅಪ್ಪ ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಳೇ ಚಕ್ರದ ಪಕ್ಕ ನಿಂತರು, ಹೊಸ ಚಕ್ರದ ಪಕ್ಕ ನಿಂತರು. ತೊಡೆಯ ಮೇಲೆ ಕೈಯಿಟ್ಟು ಎತ್ತರ ಅಳೆದರು. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು" ಎಂದರು.

ಸೀಮೆಸುಣ್ಣದಲ್ಲಿ ಗುರುತು ಹಾಕಿ ಎರಡನ್ನೂ ಒಂದೊಂದು ಸುತ್ತು ಉರುಳಿಸಿ ಟೇಪಿನಲ್ಲಿ ಅಳೆದೆ. ಹಳೆಯದು ಒಂದು ಸುತ್ತಿಗೆ 116 ಇಂಚು ಹೋಗುತ್ತಿತ್ತು, ಹೊಸದು 107. ಮುಂದಿನ ಚಿಕ್ಕ ಚಕ್ರ, ಹಿಂದಿನ ದೊಡ್ಡ ಚಕ್ರ ಎರಡನ್ನೂ ಒಂದೇ ಎಂಜಿನ್ ತಿರುಗಿಸುತ್ತದೆ. ಯಾವ ಚಕ್ರ ಎಷ್ಟು ಸಲ ತಿರುಗಬೇಕೆಂದು ಒಳಗಿನ ಗೇರುಗಳು ಮೊದಲೇ ಕರಾರು ಮಾಡಿಕೊಂಡಿರುತ್ತವೆ. ಮುಂದಿನವು ಒಂದು ಚೂರು, ನೂರಕ್ಕೆ ಒಂದರಿಂದ ಐದರಷ್ಟು, ಮುಂದೋಡಿ ಎಳೆಯುವ ಹಾಗೆ. ಹಿಂದಿನ ಚಕ್ರ ಒಂಬತ್ತಿಂಚು ಗಿಡ್ಡ ಹೆಜ್ಜೆ ಇಟ್ಟರೆ ಕರಾರು ಮುರಿದ ಹಾಗೆ. ಮುಂದಿನದು ನಡೆ ಎನ್ನುತ್ತದೆ, ಹಿಂದಿನದು ತಡಿ ಎನ್ನುತ್ತದೆ, ನಡುವೆ ಗೇರು ಒದ್ದಾಡುತ್ತದೆ. ಟೈರ್ ಬದಲಿಸಿದರೆ ನಾಲ್ಕನ್ನೂ ಲೆಕ್ಕ ಹಾಕಿ ಬದಲಿಸಬೇಕು ಎಂಬ ಈ ಮಾತು ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ, ಪಟ್ಟಿ ಸಮೇತ, ಇತ್ತು. ಪುಸ್ತಕ ಇನ್ನೂ ಪ್ಲಾಸ್ಟಿಕ್ ಲಕೋಟೆಯೊಳಗಿತ್ತು.

ಕೊನೆಗೆ ಒಂದು ಜೊತೆ ಎತ್ತಿನ ದುಡ್ಡು ಕೊಟ್ಟು ನಾಲ್ಕೂ ಸರಿಯಾದ ಟೈರ್ ತಂದೆ. 400 ಡಾಲರಿನವು ಶೆಡ್ಡಿನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಮತ್ತೆ ಹುಲ್ಲಿಗಿಳಿದೆ. ಟ್ರ್ಯಾಕ್ಟರ್ ಹೋದ ಗುರುತೇ ಇಲ್ಲ! ಕಿಟಕಿ ಕಡೆ ಕೈ ಬೀಸಿದೆ, ಅಪ್ಪನ ಕಡೆ ನೋಡಿ ಮೀಸೆ ತಿರುವಿದೆ, ಅದೇ ಜೋರಿನಲ್ಲಿ ಹಳ್ಳದ ಕಡೆಯ ಇಳಿಜಾರಿಗೂ ತಿರುಗಿಸಿದೆ. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಹಲ್ಲಿಲ್ಲದ ಟೈರು, ಒಳಗೆ ಕಾಕಂಬಿಯೂ ಇಲ್ಲ. ಟ್ರ್ಯಾಕ್ಟರ್ ಬಹಳ ಗೌರವದಿಂದ, ಒಂದು ಹುಲ್ಲನ್ನೂ ನೋಯಿಸದೆ, ಅಡ್ಡಡ್ಡ ಜಾರುತ್ತಾ ಹೋಗಿ ಹಳ್ಳದಂಚಿನ ಕೆಸರಲ್ಲಿ ಕೂತಿತು. ನನಗೇನೂ ಆಗಲಿಲ್ಲ. ಹಿಂದೆ ಮುಂದೆ ಆಡಿಸಿದಷ್ಟೂ ಚಕ್ರ ನುಣ್ಣಗೆ ತಿರುಗಿತು, ಬೆಣ್ಣೆಯಲ್ಲಿ ಕಡಗೋಲು ತಿರುಗಿದ ಹಾಗೆ.

ಪಕ್ಕದ ಜಮೀನಿನ ಅಜ್ಜ, ಒಂದು ಕಾಲಕ್ಕೆ ಹೊಗೆಸೊಪ್ಪು ಬೆಳೆದವರು, ತಮ್ಮ ಹಳೇ ದೊಡ್ಡ ಟ್ರ್ಯಾಕ್ಟರ್ ತಂದರು. ಸರಪಳಿ ಕಟ್ಟಿ ಒಂದೇ ಎಳೆತಕ್ಕೆ ನನ್ನನ್ನು ಮೇಲೆತ್ತಿ, ಲಾನಿನ ಉದ್ದಕ್ಕೂ ಶೆಡ್ಡಿನ ಬಾಗಿಲವರೆಗೆ ಎಳೆದು ತಂದು ಬಿಟ್ಟು, ಟೋಪಿ ಎತ್ತಿ ಹೋದರು. ಅವರದು ಆರ್-1. ಒಂದೊಂದು ಹಲ್ಲೂ ಗೇಣುದ್ದ.

ಅಪ್ಪ ಲಾನಿನ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಹಳ್ಳದಿಂದ ಶೆಡ್ಡಿನವರೆಗಿನ ಎರಡು ಆಳದ ಗೆರೆಗಳನ್ನು ನೋಡಿದರು.

"ನೋಡ್ಲಾ, ಸಾಲು ಅಂದ್ರೆ ಹಿಂಗಿರಬೇಕು" ಎಂದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಸೊಸೆಯ ಅಡುಗೆಮನೆಯ ಮೆಂತ್ಯದ ಡಬ್ಬಿ ಇತ್ತು.