ರಕ್ತ ತಗೊಂಡೋದ್ರಲ್ಲ, ಏನಾಯ್ತವ್ವ ಅದು?

ಕೆಲವು ವರ್ಷಗಳ ಹಿಂದೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಆದಿವಾಸಿಗಳ ಒಂದು ಪೋಡಿಗೆ, ಅಂದರೆ ಅವರ ಹಾಡಿಗೆ, ಸರ್ವೆ ಕೆಲಸಕ್ಕೆ ಹೋಗಿದ್ದೆ. ಆರೋಗ್ಯದ ಸಂಶೋಧನೆ, ಹದಿನಾಲ್ಕು ಪುಟದ ಫಾರಂ. ವಾರಕ್ಕೆ ಎಷ್ಟು ಸಲ ಸೊಪ್ಪು ತಿನ್ನುತ್ತೀರಿ ಅಂತ ಒಂದು ಪ್ರಶ್ನೆ, ಕೆಳಗೆ ಪಾಲಕ್, ಮೆಂತ್ಯ, ಸಬ್ಬಸಿಗೆ ಅಂತ ಟಿಕ್ ಹಾಕೋಕೆ ಚೌಕಗಳು. ಜಗಲಿ ಮೇಲೆ ಕೂತಿದ್ದ ಸೋಲಿಗರ ಅಜ್ಜಿ ಎಲ್ಲ ಕೇಳಿಸಿಕೊಂಡು, "ನಾವು ತಿನ್ನೋ ಸೊಪ್ಪು ಇದ್ರಲ್ಲಿ ಒಂದೂ ಇಲ್ವಲ್ಲ ಕಣವ್ವ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಡಿಂದ ಗೆಡ್ಡೆ, ಗೆಣಸು, ಸೊಪ್ಪು ತರ್ತಿದ್ದೊ. ಈಗ ಮೊದಲಿನಂಗೆ ಹೋಗಾಕೆ ಬುಡಲ್ಲ. ಅದ ಬರ್ಕೊ" ಅಂದರು.

ಅದನ್ನು ಬರೆಯೋಕೆ ಕಾಲಂ ಇರಲಿಲ್ಲ. 'ಇತರೆ' ಅನ್ನೋ ಕಡೆ ಸಣ್ಣಕ್ಷರದಲ್ಲಿ ತುಂಬಿಸಿದೆ. ಕಂಪ್ಯೂಟರ್‌ಗೆ ಏರಿಸುವಾಗ 'ಇತರೆ'ಯನ್ನೇ ಬಿಟ್ಟುಬಿಟ್ಟರು.

ಹೊರಡುವಾಗ ಅಜ್ಜಿ ಕೇಳಿದ್ದು ಇನ್ನೊಂದು. "ಹಿಂದ್ಕೆ ಬಂದೋರು ರಕ್ತ ತಗೊಂಡೋದ್ರಲ್ಲ, ಏನಾಯ್ತವ್ವ ಅದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದಿವಾಸಿಗಳ ರಕ್ತ ತಗೊಂಡು ಹೋಗಿ ಮರೆಯೋದು ಹೊಸದೇನಲ್ಲ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯನ್ನೇ ತಗೊಳ್ಳಿ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಮೂಳೆ ಮೂಳೆಯೂ ನೋಯುತ್ತದೆ. ಭಾರತದಲ್ಲಿ ಇದರ ಮೊದಲ ವರದಿ ಬಂದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳ ರಕ್ತ ಪರೀಕ್ಷೆ ಮಾಡಿದ ಮೇಲೆ. ಅಚ್ಚಾಗಿದ್ದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ. ನಮ್ಮ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಗಿದ್ದು 2023ರ ಜುಲೈನಲ್ಲಿ. ನಡುವೆ 71 ವರ್ಷ! ಅಷ್ಟರಲ್ಲಿ ಮೂರು ತಲೆಮಾರು ಕಳೆದುಹೋಯಿತು.

ಮಿಷನ್ ಬಂದದ್ದು ನನಗೆ ನಿಜಕ್ಕೂ ಖುಷಿ. ಏಳು ಕೋಟಿ ಜನರ ರಕ್ತ ಪರೀಕ್ಷೆ ಮಾಡಬೇಕು, 2047ರ ಹೊತ್ತಿಗೆ ಕಾಯಿಲೆ ಇಲ್ಲದಂತಾಗಬೇಕು ಅನ್ನೋ ಗುರಿ ಸಣ್ಣದಲ್ಲ. ಪರೀಕ್ಷೆ ಆದವರಿಗೆ ಕಾರ್ಡ್ ಕೊಡುತ್ತಾರೆ. ಗಂಡು ಹೆಣ್ಣು ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರಾಗಿದ್ದರೆ) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹಾಗಾಗಿ ಮದುವೆಗೆ ಮುಂಚೆ ಕಾರ್ಡ್ ನೋಡಿಕೊಳ್ಳಿ ಅಂತ. ಲೆಕ್ಕ ಸರಿ. ಆದರೆ ಆ ಕಾರ್ಡು ಊರಲ್ಲಿ ಹೇಗೆ ಓಡಾಡುತ್ತೆ, ಹುಡುಗಿ ಬರೀ ವಾಹಕಳಾಗಿದ್ದರೂ "ಅವಳಿಗೆ ರಕ್ತದ ಕಾಯಿಲೆ" ಅನ್ನೋ ಮಾತು ಹಬ್ಬಿದರೆ ಅವಳ ಗತಿ ಏನು, ಇದನ್ನೆಲ್ಲ ಯಾರನ್ನು ಕೇಳಬೇಕಿತ್ತು? ಸೋಲಿಗರು ಒಂದೇ ಕುಲದೊಳಗೆ ಮದುವೆ ಮಾಡದ ಜನ. ಸಂಬಂಧ ನೋಡುವಾಗ ಏನು ವಿಚಾರಿಸಬೇಕು, ಆ ಮಾತು ಯಾರ ಬಾಯಿಂದ ಬರಬೇಕು ಅನ್ನೋದು ಅವರ ಯಜಮಾನರಿಗೆ, ಅಜ್ಜಿಯಂದಿರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕಾರ್ಡ್ ಅಚ್ಚಾಗೋ ಮೊದಲು ಅವರ ಜೊತೆ ಕೂರಬೇಕು, ಆಮೇಲಲ್ಲ.

ಅದೇ ಪೋಡಿನಲ್ಲಿ ಒಬ್ಬ ತಾಯಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಮಾತ್ರೆ ಆಮೇಕೆ ಕಣಕ್ಕ. ನಡುರಾತ್ರೀಲಿ ಮಗ ನೋವು ಅಂತ ಅತ್ರೆ, ಆನೆ ಓಡಾಡೋ ದಾರೀಲಿ ಎತ್ಕೊಂಡು ಎಲ್ಗೆ ಹೋಗಾನ?" ನನ್ನ ಪ್ರಕಾರ ಅದೊಂದು ಅಪ್ಪಟ ಸಂಶೋಧನೆಯ ಪ್ರಶ್ನೆ. ರಾತ್ರಿ ನೋವಿಗೆ ಪೋಡಿನಲ್ಲೇ ಏನು ಮಾಡಬಹುದು, ಯಾವ ಔಷಧ ಯಾರ ಮನೆಯಲ್ಲಿ ಇಡಬಹುದು, ಜೀಪು ಎಷ್ಟು ಹೊತ್ತಿಗೆ ಬರುತ್ತೆ. ನಮ್ಮ ಹದಿನಾಲ್ಕು ಪುಟದಲ್ಲಿ ಇದು ಒಂದು ಸಾಲೂ ಇರಲಿಲ್ಲ.

ರಕ್ತ ಕೊಟ್ಟವರನ್ನು ಮರೆಯೋದು ಇಲ್ಲಿ ಮಾತ್ರ ಅಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಸುಪಾಯಿ ಅನ್ನೋ ಪುಟ್ಟ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. ಅದಕ್ಕೇ 1990ರಿಂದ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರಿಗೆ ನಂಬಿ ರಕ್ತ ಕೊಟ್ಟರು. ಅದೇ ರಕ್ತವನ್ನು ಅವರಿಗೆ ಹೇಳದೆ ಮಾನಸಿಕ ಕಾಯಿಲೆ, ಅವರ ಪೂರ್ವಜರ ವಲಸೆ ಅಂತೆಲ್ಲ ಬೇರೆ ಅಧ್ಯಯನಗಳಿಗೂ ಬಳಸಿದರು. ಇದು ಗೊತ್ತಾಗಿ ಹವಸುಪಾಯಿಗಳು ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ 41 ಜನರಿಗೆ ಏಳು ಲಕ್ಷ ಡಾಲರ್ ಸಿಕ್ಕಿತು, ಉಳಿದಿದ್ದ ರಕ್ತವೂ ವಾಪಸ್ ಬಂತು. ಅವರಿಗೆ ರಕ್ತ ಪವಿತ್ರ, ಅದಕ್ಕೇ ಅದನ್ನೂ ಕೇಳಿ ತಗೊಂಡರು.

"ಅವರಿಗೆ ಸಂಶೋಧನೆ ಎಲ್ಲ ಅರ್ಥ ಆಗಲ್ಲ ಮೇಡಂ" ಅಂತ ನನಗೇ ಎಷ್ಟೋ ಜನ ಹೇಳಿದ್ದಾರೆ. ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಇದೇ ಸೋಲಿಗರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರ ಜೊತೆ ಕಾಡೆಲ್ಲ ನಡೆದು, ತಮ್ಮ ಪ್ರತಿ ಕುಲದ ಯೆಲ್ಲೆಯನ್ನೂ (ಆ ಕುಲಕ್ಕೆ ಸೇರಿದ ಕಾಡಿನ ಭಾಗ), ಅದರೊಳಗಿನ ದೇವರು, ವೀರು, ಕಲ್ಲುಗುಡಿ, ಅಬ್ಬಿ ಅನ್ನೋ ಪವಿತ್ರ ಜಾಗ ಎಲ್ಲವನ್ನೂ ನಕ್ಷೆಯ ಮೇಲೆ ಗುರುತಿಸಿದರು. 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೆ ಸಮುದಾಯದ ಅರಣ್ಯ ಹಕ್ಕನ್ನೂ ಪಡೆದರು. ಕಾಡಿನ ನಕ್ಷೆ ಮಾಡಿದವರಿಗೆ ತಮ್ಮ ಮೈಯ ಕಾಯಿಲೆ ಬಗ್ಗೆ ಏನು ಕೇಳಬೇಕು ಅಂತ ಗೊತ್ತಿರಲ್ವಾ?

ಸಾರ್ವಜನಿಕ ಆರೋಗ್ಯ ಓದುತ್ತಿರುವ ಹುಡುಗ ಹುಡುಗಿಯರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಸುಮಾರು ಜನ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಮೊದಲ ಸಲ ಹಾಡಿಗೋ ಪೋಡಿಗೋ ಹೋಗುವಾಗ ಫಾರಂ ತಗೊಂಡು ಹೋಗಬೇಡಿ. ಸುಮ್ನೆ ಕೂತು ಮಾತಾಡಿ. ಬಜೆಟ್ ಹಾಕುವಾಗಲೇ ಫಲಿತಾಂಶ ಹೇಳೋಕೆ ವಾಪಸ್ ಹೋಗುವ ಖರ್ಚನ್ನೂ ಸೇರಿಸಿ. ಕೂಲಿ ಬಿಟ್ಟು ನಿಮ್ಮ ಮೀಟಿಂಗಿಗೆ ಬಂದವರಿಗೆ ಆ ದಿನದ ಕೂಲಿ ಕೊಡಿ.

ಅಜ್ಜಿಯ ರಕ್ತ ತಗೊಂಡವರು ಯಾರು ಅಂತ ಆಮೇಲೆ ವಿಚಾರಿಸಿದೆ. ಗೊತ್ತಾಯಿತು, ಎರಡು ಸಲ ಮೇಲ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬಂದ ದಿನ ಪ್ರಿಂಟ್ ಹಾಕಿಸಿಕೊಂಡು ನಾನೇ ಬೆಟ್ಟ ಹತ್ತುತ್ತೇನೆ. ಅಜ್ಜಿಗೆ ಓದೋಕೆ ಬರಲ್ಲ, ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ, ಓದಿ ಹೇಳುತ್ತಾಳೆ.